ಸೋಫಾದ ನಾತ, ಅತ್ತೆಯ ಮೂಗು

ತಂಗಿಯ ಬಾಣಂತನಕ್ಕೆಂದು ಕೆಂಕೆರೆಯ ತವರಿಗೆ ಹೋದವಳು ಇಪ್ಪತ್ತೆರಡು ದಿನ ಕಳೆದು ತುರುವೇಕೆರೆಯ ಮನೆಗೆ ವಾಪಸು ಬಂದೆ. ಹೊಸಿಲು ದಾಟುವ ಮೊದಲೇ ಮೂಗಿಗೆ ನಾತ ಬಡಿಯಿತು. ಬೆಕ್ಕಿನ ಉಚ್ಚೆ. ಅದು ಮೂಗಿಗಷ್ಟೇ ಅಲ್ಲ, ಕಣ್ಣಿಗೂ ಚುಚ್ಚುತ್ತದೆ. ಹಜಾರದ ಸೋಫಾದ ಮೇಲೆ ಅತ್ತೆ ಕಾಲು ಮಡಚಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಪಕ್ಕದಲ್ಲೇ ಬೆಕ್ಕು ಮಲಗಿತ್ತು.

ಕೊಬ್ಬರಿಯಾಗಲೆಂದು ಅಟ್ಟದ ಮೇಲೆ ಕಾಯಿ ತುಂಬುವ ಮನೆ ನಮ್ಮದು. ಇಲಿ ಕಾಟ ತಪ್ಪಿದ್ದಲ್ಲ, ಹಾಗಾಗಿ ಬೆಕ್ಕು ಬೇಕೇ ಬೇಕು. ಅದು ಎಂದೂ ಒಳಗೆ ಗಲೀಜು ಮಾಡಿದ್ದಿಲ್ಲ, ಹಿತ್ತಲಿಗೆ ಹೋಗಿ ಮಣ್ಣು ಕೆದಕಿಕೊಳ್ಳುತ್ತಿತ್ತು. ನಾನಿಲ್ಲದಾಗ ಒಂದು ವಾರ ಬಿಡದೆ ಮಳೆ ಹಿಡಿದಿತ್ತಂತೆ. ಮಳೆಗೆ ಹೆದರಿ ಹೊರಗೆ ಕಾಲಿಡದೆ ಸೋಫಾವನ್ನೂ ಹಜಾರದ ಮೂಲೆಯನ್ನೂ ಕಕ್ಕಸು ಮಾಡಿಕೊಂಡಿತ್ತು.

"ಇದ್ರಲ್ಲಿ ಹೆಂಗೆ ಕೂತಿದೀರಿ ಅತ್ತೆ?" ಅಂದೆ. ಬಸ್ಸಿನಲ್ಲಿ ನಿಂತು ಬಂದ ಸುಸ್ತಿಗೆ ದನಿ ಒರಟಾಗಿತ್ತು. ಅವರು ಬೆಕ್ಕಿನ ಕಡೆ ನೋಡಿದರು, ಸೋಫಾವನ್ನು ಕೈಯಲ್ಲಿ ಒತ್ತಿ ನೋಡಿದರು. ಮೊರ ಎತ್ತಿಕೊಂಡು ಒಳಗೆ ಹೋದರು.

ಸಂಜೆ ತೋಟದಿಂದ ಬಂದ ಯಜಮಾನರನ್ನು ಕೇಳಿದೆ. ಅಟ್ಟದಲ್ಲಿ ಇಲಿ ಸತ್ತಿರಬೇಕು ಅಂದುಕೊಂಡಿದ್ದೆ ಅಂದರು. ಮಲಗುವುದು ಹೊರಗಿನ ಪಡಸಾಲೆಯಲ್ಲಿ, ಅವರಿಗೇನು. ಬಕೆಟ್ಟಿಗೆ ಎರಡರಷ್ಟು ಫಿನಾಯಿಲ್ ಸುರಿದು ಇಡೀ ಹಜಾರ ಒರೆಸಿದೆ. ಬೆಳಗ್ಗೆ ನೋಡಿದರೆ ಬೆಕ್ಕು ಅದೇ ಮೂಲೆಯಲ್ಲಿ ಮತ್ತೆ ಹೊಯ್ದಿತ್ತು. ಫಿನಾಯಿಲೂ ಉಚ್ಚೆಯೂ ಬೆರೆತು ಮೊದಲಿಗಿಂತ ಕೆಟ್ಟದಾಯಿತು. ಇಷ್ಟು ದಿನ ಒಂದು ಬಟ್ಟೆ ತಗೊಂಡು ಒರೆಸೋರಿಗೂ ಗತಿ ಇಲ್ವಾ ಈ ಮನೇಲಿ ಎಂದು ಅತ್ತೆಗೆ ಕೇಳುವಂತೆಯೇ ಗೊಣಗಿದೆ.

ಆಮೇಲೆ ಸ್ವಲ್ಪ ಹೊತ್ತಿಗೆ ಹಾಲು ಸೀದ ವಾಸನೆ ಬಂತು. ಅಡುಗೆಮನೆಗೆ ಓಡಿದೆ. ಅತ್ತೆ ಒಲೆಗೆ ಬೆನ್ನು ಹಾಕಿ ಎರಡು ಮಾರು ದೂರದಲ್ಲಿ ನಿಂತು ಹುರುಳಿಕಾಯಿ ಮುರಿಯುತ್ತಿದ್ದರು. ಪಾತ್ರೆಯಲ್ಲಿ ಹಾಲು ತಳ ಹಿಡಿದು ಹೊಗೆಯಾಡುತ್ತಿತ್ತು. ನಾನು ಒಲೆ ಆರಿಸಿದಾಗಲೇ ಅವರು ತಿರುಗಿ ನೋಡಿದ್ದು. ಕೊಬ್ಬರಿ ಅಟ್ಟದಲ್ಲಿ ಒಂದು ಕಾಯಿ ಕೊಳೆತರೂ ಏಣಿ ಹತ್ತುವ ಮೊದಲೇ ಯಾವ ಕಡೆ ಎಂದು ಹೇಳುತ್ತಿದ್ದ ಹೆಂಗಸು ಅವರು.

"ಅತ್ತೆ, ನಿಮಗೆ ವಾಸನೆ ಗೊತ್ತಾಗ್ತಿಲ್ವಾ?"

ಅವರು ಹುರುಳಿಕಾಯಿ ಬಿಡಲಿಲ್ಲ. "ಹೋದ ವರ್ಸ ಜ್ವರ ಬಂದಿತ್ತಲ್ಲ, ಅವತ್ತಿಂದ ಇಲ್ಲ ಕಣೇ. ಬತ್ತದೆ ಬತ್ತದೆ ಅಂತ ಕಾದೆ. ಒಗ್ಗರಣೆನೂ ಸಾಸಿವೆ ಸಿಡಿಯೋದು ಕೇಳ್ಕಂಡು ಹಾಕ್ತೀನಿ."

ಹೇಳಬಾರದಿತ್ತೇ ಎಂದು ಕೇಳಿದೆ.

"ಹೇಳಿದ್ರೆ ಒಲೆ ಹತ್ರ ಬುಡ್ತಿದ್ರಾ ನೀವು?"

ಬಿಡುತ್ತಿರಲಿಲ್ಲವೇನೋ. ಹಿಂದಿನ ದಿನದ ಮಾತು, ಆವತ್ತು ಗೊಣಗಿದ್ದು ಎಲ್ಲಾ ನೆನಪಾಗಿ ನಾಚಿಕೆಯಾಯಿತು. ತಪ್ಪಾಯ್ತು ಅತ್ತೆ ಅಂದೆ. ಬೆಕ್ಕನ್ನು ಹಂದನಕೆರೆಯ ನೆಂಟರ ಮನೆಗೆ ಕೊಟ್ಟುಬಿಡೋಣ, ಇದರಿಂದ ತಾನೇ ಮಾನ ಹೋಗಿದ್ದು ಎಂದು ಅವರು ಹಟ ಹಿಡಿದರು. ಒಂದು ವಾರ ನನಗೆ ಬಿಡಿ ಎಂದು ಒಪ್ಪಿಸಿದೆ.

ದನದ ಆಸ್ಪತ್ರೆಯಲ್ಲಿ ಕೇಳಿದಾಗ ಅಲ್ಲಿನವರು ಮೊದಲು ಫಿನಾಯಿಲ್ ನಿಲ್ಲಿಸಿ ಅಂದರು. ಬೆಕ್ಕು ಕಾಲು ನೆಕ್ಕಿಕೊಳ್ಳುತ್ತದೆ, ಅದು ಅದಕ್ಕೆ ವಿಷ. ಉಚ್ಚೆಯ ವಾಸನೆ ಬುಡಸಮೇತ ಹೋಗದಿದ್ದರೆ ಹೊಯ್ದ ಜಾಗಕ್ಕೇ ಮತ್ತೆ ಬರುತ್ತದೆ ಎಂದೂ ಹೇಳಿದರು.

ಅತ್ತೆ ಸೀರೆ ಎತ್ತಿ ಕಟ್ಟಿ ನೆಲಕ್ಕೆ ಕೂತರು. ನಮ್ಮದು ಹಳೆಯ ಕೆಂಪು ಗಾರೆ ನೆಲ, ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕುಗಳಿದ್ದವು. ನನ್ನ ಮೂಗು ಇಲ್ಲೇ ಎಲ್ಲೋ ಎಂದು ಮಾತ್ರ ಹೇಳುತ್ತಿತ್ತು. ಅವರು ಬೆರಳಲ್ಲಿ ಸವರಿ ಅಂಟಂಟಾದ ಬಿರುಕನ್ನು ಹುಡುಕಿ ಬಳಪದಲ್ಲಿ ಗೆರೆ ಎಳೆದರು. ಬಟ್ಟೆ ಒಗೆಯುವ ಪುಡಿಯನ್ನು ಬೆಚ್ಚಗಿನ ನೀರಿಗೆ ಹಾಕಿ ಬಿರುಕು ನೆನೆಯುವಷ್ಟು ಸುರಿದು ಒಂದು ಗಂಟೆ ಬಿಟ್ಟೆವು. ಉಜ್ಜಿ, ತೊಳೆದು, ಒಣಬಟ್ಟೆಯಲ್ಲಿ ಒತ್ತಿ, ಮೇಲೆ ಅಡುಗೆ ಸೋಡಾ ಚೆಲ್ಲಿ ಮರುದಿನದವರೆಗೂ ಮುಟ್ಟಲಿಲ್ಲ. ಮೂರು ದಿನ ಇದೇ ಕೆಲಸ.

ಸೋಫಾ ಇಷ್ಟಕ್ಕೆ ಬಗ್ಗಲಿಲ್ಲ. ಹೊಲಿಗೆ ಬಿಚ್ಚಿ ನೋಡಿದರೆ ಒಳಗೆಲ್ಲ ತೆಂಗಿನ ನಾರು, ಉಚ್ಚೆ ಕುಡಿದು ಉಂಡೆಯಾಗಿತ್ತು. ತೊಳೆದರೆ ಹೋಗೋದಲ್ಲ, ಮರದ ಬುಡಕ್ಕೆ ಹಾಕು ಅಂದರು ಅತ್ತೆ. ಕವರನ್ನು ಎರಡು ಸಲ ನೆನೆಸಿ ಒಗೆದೆ. ಮರದ ಚೌಕಟ್ಟನ್ನು ಸೋಡಾ ನೀರಲ್ಲಿ ಒರೆಸಿ ಅಂಗಳದ ಬಿಸಿಲಿಗೆ ಹಾಕಿದೆವು. ನಾರಿನ ಫ್ಯಾಕ್ಟರಿಯಿಂದ ಯಜಮಾನರು ಹೊಸ ನಾರು ತಂದರು. ಅತ್ತೆ ಅದನ್ನು ಬಿಡಿಸಿ ಬಿಡಿಸಿ ತುಂಬಿದರು, ನಾನು ಹೊಲಿದೆ. ಜೊತೆಗೆ ಬಂದಿದ್ದ ಒಂದು ಚೀಲ ನಾರಿನ ಪುಡಿಯನ್ನು ಹಳೆಯ ಪ್ಲಾಸ್ಟಿಕ್ ಟ್ರೇಗೆ ಸುರಿದು ಹಿಂಬಾಗಿಲ ಹತ್ತಿರ ಇಟ್ಟೆವು. ಬೆಕ್ಕು ಒಂದು ದಿನ ಮೂಸಿ ನೋಡಿತು, ಎರಡನೆಯ ದಿನ ಕೆದಕಿ ಕೂತಿತು.

ಆ ವಾರವೆಲ್ಲ ಬೆಳಗ್ಗೆ ಎದ್ದ ಕೂಡಲೇ ಅತ್ತೆಯದು ಒಂದೇ ಪ್ರಶ್ನೆ, "ಹೆಂಗೈತೆ ಇವತ್ತು?" ನಾನು ಮಂಡಿಯೂರಿ ಮೂಲೆ ಮೂಸುತ್ತಿದ್ದೆ. ಇದ್ದರೆ ಇದೆ ಅನ್ನುತ್ತಿದ್ದೆ, ಸುಳ್ಳು ಹೇಳಲಿಲ್ಲ. ಎಂಟನೆಯ ದಿನ ಇಲ್ಲ ಅಂದೆ. ನಿಜವಾಗಲೂ ಇರಲಿಲ್ಲ. ಬೆಕ್ಕನ್ನು ಹಂದನಕೆರೆಗೆ ಕಳಿಸುವ ಮಾತು ಆಮೇಲೆ ಅವರು ಎತ್ತಲಿಲ್ಲ.

ತಿಪಟೂರಿನ ಡಾಕ್ಟರು ಮೂಗಿನ ಶಕ್ತಿ ವಾಪಸು ಬಂದರೂ ಬರಬಹುದು, ಬರದೆಯೂ ಇರಬಹುದು ಅಂದಿದ್ದಾರೆ. ಇನ್ನೂ ಬಂದಿಲ್ಲ. ಅಡುಗೆ ಈಗಲೂ ಅವರದೇ. ಹಾಲು ಕಾಯಿಸುವುದು, ಗ್ಯಾಸ್ ಮುಚ್ಚಿದೆಯೇ ನೋಡುವುದು ನನ್ನ ಪಾಲು. ಬೆಕ್ಕಿನ ಟ್ರೇಯ ಪುಡಿಯನ್ನು ಮೂರು ದಿನಕ್ಕೊಮ್ಮೆ ಅವರೇ ಬದಲಾಯಿಸುತ್ತಾರೆ. ಮರೆಯದಿರಲೆಂದು ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಚುಕ್ಕಿ ಇಟ್ಟುಕೊಳ್ಳುತ್ತಾರೆ.