ಐದು ನಿಮಿಷದ ದಾರಿ

ಚಳ್ಳಕೆರೆಯಲ್ಲಿ ನನ್ನ ಬಾಡಿಗೆ ಕಾರು ಹತ್ತಿದ ನೇಕಾರನ ತಾಯಿ, ಮೊಳಕಾಲ್ಮುರಿನಲ್ಲಿ ಈಗಲೋ ಆಗಲೋ ಅನ್ನುವಂತಿದ್ದಳು. ಮೊಬೈಲಿನಲ್ಲಿ ದೂರ ಹುಡುಕಿದವನು, "ಅಣ್ಣ, ಐದೇ ನಿಮಿಷ ಅಂತ ತೋರಿಸ್ತೈತೆ" ಅಂದ.

"ಅದು ವಿಮಾನದ ಲೆಕ್ಕ ಕಣಪ್ಪ. ಕಾರಿಗೆ ಒಂದು ಗಂಟೆ ಮೇಲೇ ಬೇಕು. ನಮ್ಮೂರಾಗೆ ವಿಮಾನ ಎಲ್ಲೈತೆ?" ಅಂತ ರೇಗಿಬಿಟ್ಟೆ.

ಅವನು ಮನೆಗೆ ಫೋನ್ ಮಾಡಿ, ತಾಯಿಯ ಕಿವಿಗೆ ಹಿಡಿಯಲು ಹೇಳಿ, ತೆಲುಗಿನಲ್ಲಿ "ಐದೇ ನಿಮಿಷಾಲಮ್ಮಾ" ಅಂದ. ಬಿ.ಜಿ. ಕೆರೆ ದಾಟುವಾಗಲೂ ಫೋನ್ ಮಾಡಿ ಅದನ್ನೇ ಅಂದ. ಆಮೇಲೆ ನನ್ನ ಕಡೆ ತಿರುಗಿ, "ಸುಳ್ಳೇನಲ್ಲ ಅಲ್ವಾ ಅಣ್ಣ?" ಅಂತ ಕೇಳಿದ. ನಾನು ಆಕ್ಸಿಲರೇಟರ್ ಒತ್ತಿದೆ.

ನಾವು ಹೋದಾಗ ಮುದುಕಿ ಕಣ್ಣು ಬಿಟ್ಟು, "ಐದು ನಿಮಿಷಾಲಂಟಿವಿ ಕದರಾ", ಐದು ನಿಮಿಷ ಅಂದಿದ್ದೆಯಲ್ಲೋ, ಅಂತ ಮಗನನ್ನು ಬೈದಳು. ಅದೇ ಅವಳ ಕೊನೆಯ ಮಾತು.

ಈಗ ಅಂಥ ಅವಸರದಲ್ಲಿ ಹತ್ತಿದವರು ಎಷ್ಟೊತ್ತಾಗುತ್ತೆ ಅಂತ ಕೇಳಿದರೆ, ನಾನೂ ವಿಮಾನದ ಲೆಕ್ಕವನ್ನೇ ಹೇಳ್ತೀನಿ.