ಹದಿನೇಳನೇ ನಂಬರು

ನಾನು ಓದಿದ್ದು ಏಳನೇ ತರಗತಿವರೆಗೆ. ಹುಮನಾಬಾದಿನ ಹೊರಗೆ, ಔಷಧಿ ಪುಡಿ ಮಾಡುವ ಫ್ಯಾಕ್ಟರಿಯಲ್ಲಿ ಚೀಲ ಹೊಲಿಯುತ್ತೇನೆ. ತಂಗಿ ಬಸವಕಲ್ಯಾಣದ ಕಾಲೇಜಿನಲ್ಲಿ ಓದುತ್ತಿದ್ದಳು. ಮಾಲೀಕರಿಗೂ ಕೆಲಸಗಾರರಿಗೂ ತಕರಾರು ಬಂದರೆ ಹೇಗೆ ಬಗೆಹರಿಸಬೇಕು ಎಂಬುದೇ ಅವಳ ಪಾಠ. ಅದನ್ನು ಕಣ್ಣಾರೆ ನೋಡಲು ಒಂದು ತಿಂಗಳು ನಮ್ಮ ಫ್ಯಾಕ್ಟರಿಗೇ ಬಂದಳು; ಉಳಿದುಕೊಂಡಿದ್ದು ನನ್ನ ಮನೆಯಲ್ಲಿ.

ಆಗ ನಮ್ಮಲ್ಲೂ ಒಂದು ತಕರಾರು ನಡೆದಿತ್ತು. ದುಬಲಗುಂಡಿಯಿಂದ ಬರುತ್ತಿದ್ದ ಕೆಲಸಗಾರ್ತಿಯೊಬ್ಬಳನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಮೂಗಿಗೆ ಮಾಸ್ಕ್ ಕೇಳಿದ್ದಕ್ಕೆ ಸೂಪರ್‌ವೈಸರ್ ಅವಳ ಮೇಲೆ ಕೈ ಎತ್ತಿದ. ಆಡಳಿತದವರು ಅವಳೇ ಎತ್ತಿದಳೆಂದು ಬರೆದು, ವಿಚಾರಣೆ ಆಗುವವರೆಗೆ ಕೆಲಸದಿಂದ ನಿಲ್ಲಿಸಿದರು. ವಿಚಾರಣೆಯಲ್ಲಿ ಇಬ್ಬರು ಸಾಕ್ಷಿ ಹೇಳಿದ್ದರೆ ಅಕ್ಕನ ಕೆಲಸ ಉಳಿಯುತ್ತಿತ್ತು.

"ನಿನ್ನ ತಂಗಿ ಮ್ಯಾನೇಜರ್ ಸಾಹೇಬನ ಕೂಡ ಚಾ ಕುಡ್ಯಾಕತ್ತಾಳಲ್ಲೋ," ಎಂದ ಜೊತೆಗಾರ. "ಬಿಸ್ಕೀಟ್ ಬ್ಯಾರೆ. ಪುಕ್ಕಟ ಕೊಡ್ತಾರೇನು?"

ನಾನು ನಕ್ಕೆ. ಆದರೆ ಅಂದಿನಿಂದ ಅವಳನ್ನು ಗಮನಿಸತೊಡಗಿದೆ. ನಾನು ಹತ್ತಿರ ಹೋದರೆ ನೋಟ್‌ಬುಕ್ ಮುಚ್ಚುತ್ತಿದ್ದಳು. ಒಂದು ಭಾನುವಾರ ಅವಳು ಬಟ್ಟೆ ಒಗೆಯುತ್ತಿದ್ದಾಗ ತೆರೆದು ನೋಡಿದೆ. ಹೆಸರುಗಳೇ ಇಲ್ಲ, ಬರೀ ನಂಬರು. ‘ಹದಿನೇಳು: ಸೂಪರ್‌ವೈಸರ್ ಕೈ ಎತ್ತಿದ್ದು ನೋಡಿದ್ದಾರೆ.’ ನಮ್ಮ ಗೇಟಿನಲ್ಲಿ, ಹಾಜರಿಯಲ್ಲಿ ಟೋಕನ್ ನಂಬರೇ ನಮ್ಮ ಹೆಸರು. ಹದಿನೇಳು ಎಂದರೆ ತೂಕದ ಕಾಟಾದ ಹತ್ತಿರ ಕೂರುವ ಕಾಕಾ. ಮರುದಿನ ಅವನಿಗೆ ಹೇಳಿಬಿಟ್ಟೆ.

"ನಾ ಆಕಿ ಕೂಡ ಮಾತೇ ಆಡಿಲ್ಲಲ್ಲೋ!"

ಅಲ್ಲಿಗಾದರೂ ನನಗೆ ತಿಳಿಯಬೇಕಿತ್ತು. "ಹಂಗಾರ ಕಾಕಾ, ತಾನೇ ಕಟ್ಟಿ ಬರದಾಳ," ಎಂದೆ. ನನ್ನ ತಂಗಿ ಸಾಹೇಬನಿಗಾಗಿ ನಮ್ಮ ನಂಬರಿನ ಮೇಲೆ ಇಲ್ಲದ್ದನ್ನೂ ಬರೆಯುತ್ತಾಳೆಂದು ಸಂಜೆಯೊಳಗೆ ಇಡೀ ಫ್ಯಾಕ್ಟರಿಗೆ ಹಬ್ಬಿತು. ಸಾಕ್ಷಿ ಹೇಳುತ್ತೇವೆಂದವರು ವಿಚಾರಣೆಯ ದಿನ ಯಂತ್ರ ಬಿಟ್ಟು ಏಳಲಿಲ್ಲ. ಅಕ್ಕ ಒಬ್ಬಳೇ ಒಳಗೆ ಹೋಗಿ ಒಬ್ಬಳೇ ಹೊರಬಂದಳು. ಕೆಲಸ ಹೋಯಿತು.

ವಾರದ ನಂತರ ತಂಗಿ ವರದಿ ಬರೆಯುವಾಗ ಆ ನಂಬರುಗಳ ಬಗ್ಗೆ ಕೇಳಿದೆ.

"ನನ್ನ ಕೂಡ ಮೊದಲು ಮಾತಾಡಿದವರು ಒಂದು, ಆಮ್ಯಾಲಿನವರು ಎರಡು. ಅಷ್ಟ ಅಣ್ಣಾ. ಹೆಸರು ಬರದ್ರ ಮಂದಿಗಿ ತ್ರಾಸ ಆಗ್ತದ." ಆಮೇಲೆ ಪೆನ್ನು ಹಿಡಿದೇ ಕೇಳಿದಳು, "ಖರೇ ಹೇಳು, ನಿಮ್ಮವರು ಯಾಕ ಹಿಂದ ಸರದ್ರು?"

"ಸಾಹೇಬಗ ಅಂಜಿದ್ರವ್ವಾ."

ಕಾಲೇಜಿಗೆ ಕೊಡುವ ಮೊದಲು ಆ ಪುಟವನ್ನು ನನ್ನಿಂದಲೇ ಓದಿಸಿದಳು. ‘ಕೆಲಸಗಾರರು ಆಡಳಿತಕ್ಕೆ ಹೆದರಿ ಸಾಕ್ಷಿ ಹೇಳಲಿಲ್ಲ.’ ಬೆರಳಿಟ್ಟು ಕೊನೆಯವರೆಗೂ ಓದಿದೆ.

"ಬರೋಬರಿ ಅದ ಇಲ್ಲೋ?" ಎಂದಳು.

ಅದ ಎಂದೆ.