ಅವರು ದುಬೈಗೆ ಹೋಗಿದ್ದಾರೆ

ಟಿ.ವಿ.ಯಲ್ಲಿ ಬರುವ ರೌಡಿಗಳ ಬಟ್ಟೆ ಅಷ್ಟೊಂದು ಬೆಳ್ಳಗಿರುವುದು ಹೇಗೆಂದು ನನಗೆ ಇಂದಿಗೂ ತಿಳಿದಿಲ್ಲ. ಊರೆಲ್ಲ ಹೊಡೆದಾಡಿ ಬರುತ್ತಾರೆ, ಕಾಲರಿನ ಇಸ್ತ್ರಿ ಮಾತ್ರ ಕೆಡುವುದಿಲ್ಲ. ನಿಮ್ಮ ತಾತ ಹಿತ್ತಿಲಿಗೆ ಹೋಗಿ ಎರಡು ಹಿಪ್ಪುನೇರಳೆ ಕಡ್ಡಿ ಮುರಿದು ಬಂದರೂ ಅವರ ಪಂಚೆಗೆ ನಾನು ಅರ್ಧ ಸೋಪು ಸವೆಸಬೇಕಾಗಿತ್ತು. ನಗಬೇಡಿ ಮಕ್ಕಳೇ, ಮಾತು ತಿಳಿಯದವಳಿಗೆ ಬಟ್ಟೆಯಾದರೂ ಕಾಣಬೇಕಲ್ಲ.

ನಗರಗೆರೆ ಕಡೆಯ ಹಳ್ಳಿ ಶಾಲೆಯಲ್ಲಿ ಕಲಿತ ಕನ್ನಡ, ಅಂಗಳದಲ್ಲಿ ಕಲಿತ ತೆಲುಗು, ಇಷ್ಟೇ ನನ್ನ ಆಸ್ತಿ. ಧಾರಾವಾಹಿಯೋ ಹಿಂದಿಯದು. ಅದನ್ನು ನನಗೆ ಬಿಡಿಸಿ ಹೇಳುತ್ತಿದ್ದವರು ಶಿಡ್ಲಘಟ್ಟದ ನಮ್ಮ ಪಕ್ಕದ ಮನೆಯ ಫಾತಿಮಕ್ಕ. ಅವರದು ರೇಷ್ಮೆ ನೂಲು ಬಿಚ್ಚುವ ಮನೆತನ. ಉರ್ದು ಬಲ್ಲವರಿಗೆ ಆ ಹಿಂದಿ ನೀರು ಕುಡಿದಷ್ಟು ಸಲೀಸು. ನಿಮ್ಮ ತಾತ ತೀರಿಕೊಂಡ ಮೇಲೆ ನಾನು ಹೊಸಿಲು ದಾಟಿರಲಿಲ್ಲ. ಅತ್ತೂ ಇರಲಿಲ್ಲ. ಬಂದವರೆಲ್ಲ ಅತ್ತು ಹೋದರು, ನಾನು ಅವರಿಗೆ ಕಾಫಿ ಕೊಟ್ಟೆ. ಒಂದು ಸಂಜೆ ಫಾತಿಮಕ್ಕ ಕಾಂಪೌಂಡಿನ ಆಚೆಯಿಂದ ಕೂಗಿದರು: "ಸರೋಜಮ್ಮಾ, ನಿನ್ನ ನೋಡಿ ನೋಡಿ ಆ ಗೋಡೆಗೇ ಬೇಜಾರಾಗೈತೆ. ಬಾರಮ್ಮ, ನಮ್ಮನೇಲಿ ಟೀವಿ ನೋಡಣ."

ಹೋದೆ. ಬೊಂಬಾಯಿಯ ಒಬ್ಬ ದೊಡ್ಡ ರೌಡಿಯ ಕತೆ. ಕೊಟ್ಟ ಮಾತಿಗೆ ತಪ್ಪಿದವರನ್ನು ಅವನು ಸಮುದ್ರಕ್ಕೆ ಹಾಕಿಸುತ್ತಿದ್ದ. ಅವನ ಕಾರು ಓಡಿಸುವವನು ಪೊಲೀಸರಿಂದ ಎಷ್ಟು ಏಟು ತಿಂದರೂ ಯಜಮಾನನ ಗುಟ್ಟು ಬಿಡಲಿಲ್ಲ. ಫಾತಿಮಕ್ಕ ಒಂದು ಸಾಲು ಕೇಳಿ ಹತ್ತು ಸಾಲು ಹೇಳುತ್ತಿದ್ದರು. ಮಾನ, ನಿಯತ್ತು ಎಂಬ ಮಾತು ಬಂದಾಗಲೆಲ್ಲ ಅವರ ಬೆನ್ನು ನೆಟ್ಟಗಾಗುತ್ತಿತ್ತು, ಆ ರೌಡಿಯ ಮನೆತನ ತಮ್ಮದೇ ಎಂಬಂತೆ.

ಒಂದು ವಾರ ಆ ಯಜಮಾನನಿಗೆ ಗುಂಡು ಬಿತ್ತು. ಹೆಂಡತಿ ಓಡಿಬಂದು ಅವನ ತಲೆಯನ್ನು ಮಡಿಲಿಗೆ ಎತ್ತಿಕೊಂಡಳು. ಫಾತಿಮಕ್ಕ ನನ್ನತ್ತ ಒಮ್ಮೆ ನೋಡಿ, "ಏನಿಲ್ಲಮ್ಮ, ಸಣ್ಣ ಗಾಯ. ದುಬೈನಾಗೆ ದೊಡ್ಡ ಆಸ್ಪತ್ರೆ ಐತಂತೆ, ಅಲ್ಲಿಗೆ ಕಳಿಸ್ತಾರೆ" ಎಂದರು.

ಆ ಹೆಂಗಸಿನ ಮುಖ ಓದಲು ಹಿಂದಿ ಬೇಕಿರಲಿಲ್ಲ. ಆದರೂ ನಾನು ಹೌದೆಂದು ತಲೆಯಾಡಿಸಿದೆ. ಮುಂದಿನ ವಾರ ಆಕೆ ಬಿಳಿ ಸೀರೆಯಲ್ಲಿ ಬಂದಳು. "ಬೊಂಬಾಯಿನಾಗೆ ಸೆಕೆ ಅಲ್ವಾ" ಎಂದರು ಫಾತಿಮಕ್ಕ. ಗೋಡೆಯ ಮೇಲೆ ಯಜಮಾನನ ಪಟ, ಪಟಕ್ಕೆ ಹಾರ. "ಹುಟ್ಟಿದಬ್ಬ ಇರ್ಬೇಕು." ನಾನೂ ಬಿಡದೆ, "ದುಬೈಯಿಂದ ಯಾವಾಗ ಬರ್ತಾರಕ್ಕ?" ಎಂದು ಕೇಳುತ್ತಿದ್ದೆ, ಕೇಳದಿದ್ದರೆ ನನಗೆ ತಿಳಿದಿದೆಯೆಂದು ಅವರಿಗೆ ಅನುಮಾನ ಬಂದೀತೆಂಬ ಭಯ. "ಅಲ್ಲಿ ವಾಸಿ ಆಗೋದು ನಿಧಾನ ಕಣಮ್ಮ" ಎನ್ನುತ್ತಿದ್ದರು.

ಹೀಗಿರುವಾಗ ಅವರ ಸೊಸೆ ಜೀನತ್ ಹೆರಿಗೆ ಮುಗಿಸಿಕೊಂಡು ಚಿಂತಾಮಣಿಯ ತವರಿನಿಂದ ಬಂದಳು. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ನಮ್ಮ ಜೊತೆ ಕೂತಳು. ನಾನು ಎಂದಿನಂತೆ ದುಬೈ ಸಮಾಚಾರ ಕೇಳಿದೆ. "ಯಾವ ದುಬೈ ಆಂಟಿ? ಅವ್ರು ಸತ್ತೋಗಿ ಎಷ್ಟು ದಿನ ಆಯ್ತು!" ಎಂದುಬಿಟ್ಟಳು.

ಫಾತಿಮಕ್ಕನ ಕೈಯ ಟೀ ಲೋಟ ಬಾಯಿಯ ಹತ್ತಿರವೇ ನಿಂತಿತು. ಸೊಸೆಯ ಎದುರು ಸುಳ್ಳಿ ಎನಿಸಿಕೊಂಡ ಅವಮಾನಕ್ಕಿಂತ, ನನಗೇನಾಗಿಬಿಡುತ್ತದೋ ಎಂಬ ಗಾಬರಿಯೇ ಅವರ ಮುಖದಲ್ಲಿತ್ತು. ಆ ಮನೆಯಲ್ಲಿ ನಾನು ಎಂದೂ ದನಿ ಎತ್ತಿದವಳಲ್ಲ. ಅಂದು ಎತ್ತಿದೆ.

"ನೀನು ಊರಲ್ಲಿರ್ಲಿಲ್ಲ ಜೀನತ್, ನಿಂಗೊತ್ತಿಲ್ಲ. ಅವ್ರು ದುಬೈನಲ್ಲೇ ಅವ್ರೆ. ನಿಮ್ಮತ್ತೆ ಹೇಳಿದ್ದೇ ಸರಿ."

ಜೀನತ್ ನಮ್ಮಿಬ್ಬರ ಮುಖ ನೋಡಿ, ಇವರಿಗೆ ಬುದ್ಧಿ ಕೆಟ್ಟಿದೆಯೆಂದು ತೀರ್ಮಾನಿಸಿ ಮಗುವಿನ ಕಡೆ ತಿರುಗಿದಳು. ಬೊಂಬಾಯಿಯಲ್ಲಿ ಒಬ್ಬರ ಮಾನ ಕಾಯಲು ಪಿಸ್ತೂಲು ಬೇಕಾಗುತ್ತಿತ್ತು; ನಮ್ಮ ಬೀದಿಯಲ್ಲಿ ಒಂದು ಸುಳ್ಳು ಸಾಕಾಯಿತು. ಏಟು ತಿಂದ ಆ ಕಾರಿನವನ ಸಾಲಿಗೆ ನಾನೂ ಸೇರಿದೆನೆಂದು ಒಳಗೊಳಗೇ ಜಂಬ ಬೇರೆ.

ನನ್ನನ್ನು ಕಳಿಸಲು ಬಾಗಿಲಿನವರೆಗೆ ಬಂದ ಫಾತಿಮಕ್ಕ ಮೆಲ್ಲಗೆ ಕೇಳಿದರು: "ಯಾವಾಗಿಂದ ಗೊತ್ತಮ್ಮ ನಿಂಗೆ?"

"ಗುಂಡು ಬಿದ್ದಾಗಿಂದ."

"ಯಾ ಅಲ್ಲಾ! ಮತ್ತೆ ವಾರ ವಾರ ಕೇಳ್ತಿದ್ಯಲ್ಲೇ ಕಳ್ಳೀ!"

ಇಬ್ಬರೂ ನಕ್ಕೆವು. ಆಮೇಲೆ ನಾನೇ ಹೇಳಿದೆ: "ಇನ್ಮೇಲೆ ಇದ್ದಿದ್ದು ಇದ್ದಂಗೇ ಹೇಳಿ ಅಕ್ಕ. ತಡ್ಕೋತೀನಿ."

ಮುಂದಿನ ವಾರ ಟಿ.ವಿ.ಯ ಆ ಹೆಂಗಸು ಕಿಟಕಿಯ ಪಕ್ಕ ಕೂತು ಇಲ್ಲದ ಗಂಡನ ಜೊತೆ ಮಾತಾಡಿದಳು. ಫಾತಿಮಕ್ಕ ಏನನ್ನೂ ಬಿಡಲಿಲ್ಲ, ಏನನ್ನೂ ಸೇರಿಸಲಿಲ್ಲ. "ಒಂದ್ ಮಾತೂ ಹೇಳ್ದೆ ಒಬ್ರೇ ಹೊಂಟೋದ್ರಲ್ಲ ಅಂತವ್ಳೆ ಕಣಮ್ಮ" ಎಂದರು. ನಿಮ್ಮ ತಾತ ಹೋದ ಮೇಲೆ ನಾನು ಮೊದಲ ಸಲ ಅತ್ತದ್ದು ಅಂದು. ಬೊಂಬಾಯಿಯ ಒಬ್ಬ ರೌಡಿಯ ನೆಪದಲ್ಲಿ, ಫಾತಿಮಕ್ಕನ ಹೆಗಲಿಗೆ ತಲೆಯಿಟ್ಟು.